ಶೇಂಗಾ ಪೊಟ್ಟಣದಲ್ಲಿ ಕೊಲೆಗಾರ

ಗಂಡ ತೀರಿಕೊಂಡ ಮನೆಯಲ್ಲಿ ಕೂತು ಕೊಂಬೊ ಅಕ್ಕ ಪತ್ತೇದಾರಿ ಕಾದಂಬರಿ ಓದಿದಳು ಎಂದು ನಮ್ಮ ಟಾಂಗಾ ಎಂಬ ಬಂದರು ಊರಿನ ಕೆಲವರು ಇವತ್ತಿಗೂ ಮೂಗು ಮುರಿಯುತ್ತಾರೆ. ಮುರಿಯಲಿ, ಮೂಗು ಅವರದು. ನಾನು ಸಿಯಾಜಬು, ಆ ಮನೆಯ ಪಕ್ಕದಲ್ಲೇ ಒಲೆ ಹೂಡಿ ಪಡ್ಡು ಮಾಡಿ ಮಾರುವವಳು. ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾಣದವರೆಲ್ಲ ಬಾಯಿಗೆ ಬಂದಂತೆ ಆಡುವಾಗ ಕಂಡವಳು ಯಾಕೆ ಸುಮ್ಮನಿರಬೇಕು?

ಅಕ್ಕನ ಪೂರ್ತಿ ಹೆಸರು ಮ್ವಾನಕೊಂಬೊ. ಗಂಡ ಕಿಬ್ವಾನ, ದರ್ಜಿ. ಹನ್ನೆರಡನೇ ರಸ್ತೆಯಲ್ಲಿ ಅವರ ಮನೆ. ಮುಂದಿನ ಜಗಲಿಯೇ ಕಿಬ್ವಾನನ ಅಂಗಡಿ, ಅಲ್ಲೇ ಅವನ ಕಾಲುಮೆಷಿನ್ನು. ಮಕ್ಕಳಾಗಲಿಲ್ಲ. ಅದಕ್ಕೂ ಊರು ಏನೇನೋ ಅಂದಿತು, ಬಿಡಿ.

ಅಕ್ಕ ಓದು ಕಲಿತದ್ದು ಮದುವೆಯಾದ ಮೇಲೆ. ಸರ್ಕಾರ ದೊಡ್ಡವರಿಗೆಲ್ಲ ಅಕ್ಷರ ಕಲಿಸುತ್ತೇನೆ ಎಂದು ಹೊರಟ ಕಾಲ. ಮಾವಿನ ಮರದ ಕೆಳಗೆ ಬೆಂಚು ಹಾಕಿದ್ದರು. ನಾನೂ ಹೋಗಿದ್ದೆ. ಅಕ್ಷರ ಬಂದ ಮೇಲೆ ಓದಿಕೊಳ್ಳಿ ಎಂದು ಕೋಳಿ ಸಾಕುವುದು ಹೇಗೆ ಎಂಬ ಪುಸ್ತಕ ಕೈಗಿತ್ತರು. ಕಲಿತದ್ದನ್ನು ಮರೆಯಲು ಅದಕ್ಕಿಂತ ಒಳ್ಳೆಯ ಮದ್ದು ಬೇಡ. ನಾನು ಮರೆತೆ. ಅಕ್ಕನೂ ಮರೆಯುತ್ತಿದ್ದಳೇನೋ, ಆದರೆ ಅದೇ ವಾರ ಕಿಬ್ವಾನ ಬಸ್‌ಸ್ಟ್ಯಾಂಡಿನಿಂದ ಒಂದು ತೆಳು ಪುಸ್ತಕ ತಂದ. ಹೊದಿಕೆಯ ಮೇಲೆ ಪಿಸ್ತೂಲು, ರಕ್ತ, ಓಡಿಹೋಗುತ್ತಿರುವ ಒಬ್ಬ ಹೆಂಗಸು. ಇನ್‌ಸ್ಪೆಕ್ಟರ್ ದೊಂಡೋಲನ ಮೊದಲನೆಯ ಪುಸ್ತಕ.

"ನಂಗೆ ಕೈ ಬಿಡುವಿಲ್ಲ, ನೀನು ಓದು, ನಾನು ಹೊಲೀತಾ ಕೇಳ್ತೀನಿ" ಎಂದನಂತೆ.

ಅಂದಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಜಗಲಿಯಲ್ಲಿ ಸಂಜೆ ಆಯಿತೆಂದರೆ ದೊಂಡೋಲ. ಅಕ್ಕ ಓದುವುದು, ಕಿಬ್ವಾನ ಹೊಲಿಯುವುದು. ರೋಚಕ ಜಾಗ ಬಂದಾಗ ಮೆಷಿನ್ನು ತಾನಾಗೇ ನಿಲ್ಲುತ್ತಿತ್ತು. ಒಮ್ಮೆ ಯಾರೋ ಮದುಮಗನ ಬಿಳಿ ನಿಲುವಂಗಿಯ ತೋಳನ್ನು ಕತ್ತಿಗೇ ಸೇರಿಸಿ ಹೊಲಿದಿದ್ದ ಪುಣ್ಯಾತ್ಮ. ಆ ಸಂಜೆ ದೊಂಡೋಲನನ್ನು ಬಾವಿಗೆ ನೂಕಿದ್ದರು, ಅವನಾದರೂ ಏನು ಮಾಡಿಯಾನು!

ಕೊನೆಯ ಅಧ್ಯಾಯಕ್ಕೆ ಮುಂಚೆ ದೊಂಡೋಲ ಯಾವಾಗಲೂ "ಕುರ್ಚಿ ಹಾಕಿ, ಎಲ್ಲರನ್ನೂ ಕರೀರಿ" ಎನ್ನುತ್ತಾನೆ. ಆ ಮಾತು ಬಂದದ್ದೇ ಅಕ್ಕ ಪುಸ್ತಕ ಮುಚ್ಚುತ್ತಿದ್ದಳು. ಕೊಲೆ ಮಾಡಿದವರು ಯಾರು ಎಂದು ಇಬ್ಬರೂ ಒಂದೊಂದು ಹೆಸರು ಹೇಳಬೇಕು. ರಾತ್ರಿಯೆಲ್ಲ ಕಾಯಬೇಕು. ಮಾರನೆಯ ಸಂಜೆ ಓದಿ ನೋಡುವುದು. ಸೋತವರು ಗೆದ್ದವರಿಗೆ ಕಾಫಿ ಕಾಯಿಸಿ ಕೊಡಬೇಕು. ಹೆಚ್ಚು ಸಲ ಕಾಫಿ ಕಾಯಿಸಿದವಳು ಅಕ್ಕ. ಕಿಬ್ವಾನ ಲೋಟ ಹಿಡಿದು "ಸಕ್ಕರೆ ಸಾಲದು ಮಾರಾಯ್ತಿ, ಸೋತೋರು ಕೈ ಬಿಚ್ಚಿ ಹಾಕ್ಬೇಕು" ಎಂದು ಕೆಣಕುತ್ತಿದ್ದುದು ನನ್ನ ಒಲೆಯವರೆಗೂ ಕೇಳುತ್ತಿತ್ತು.

ಇದೇನು ಹುಚ್ಚು, ಪ್ರತಿ ಸಲ ಅದೇ ಕೊಲೆ, ಅದೇ ಪೊಲೀಸ್, ಮುಗಿದ ಮೇಲೆ ಇನ್ನೊಂದು ಎಂದು ಕೇಳುವವರಿಗೆ ಅಕ್ಕನ ಉತ್ತರ ಸಿದ್ಧವಿತ್ತು. "ಸೋಪು ಸಿಗದ ವರ್ಷಾನೂ ದೊಂಡೋಲ ಬಂದ. ಸಕ್ಕರೆಗೆ ಬೆಳಗಿಂದ ಸಂಜೇತನಕ ಸಾಲು ನಿಂತ ವರ್ಷಾನೂ ಬಂದ. ನಮ್ಮ ಬೀದೀಲಿ ಕೋಳಿ ಕದ್ದೋನಿಗೆ ಒದೆ ಬೀಳುತ್ತೆ, ಗೋದಾಮು ಕದ್ದೋನಿಗೆ ಹಾರ ಬೀಳುತ್ತೆ. ದೊಂಡೋಲನ ಪುಸ್ತಕದಲ್ಲಿ ಗೋದಾಮು ಕದ್ದೋನ ಕೈಗೆ ಕೋಳ ಬೀಳುತ್ತೆ. ಬೇರೆಲ್ಲಾದ್ರೂ ಬೀಳೋದನ್ನ ನೀನು ನೋಡಿದ್ರೆ ಹೇಳು, ಇವತ್ತೇ ಓದೋದು ಬಿಡ್ತೀನಿ."

ಕಿಬ್ವಾನ ಹೋದ ವರ್ಷವೂ ಹೊಸ ಪುಸ್ತಕ ಬಂತು. ಬಸ್ ಕಂಪನಿಯ ಧಣಿಗೆ ಯಾರೋ ವಿಷ ಹಾಕಿದ ಕಥೆ. ಡ್ರೈವರ್, ಗುಮಾಸ್ತ, ಎರಡನೇ ಹೆಂಡತಿ, ತಮ್ಮ, ನಾಲ್ವರ ಮೇಲೂ ಅನುಮಾನ. ಒಂದು ಸಂಜೆ ದೊಂಡೋಲ ಕುರ್ಚಿ ಹಾಕಿಸಿದ. ಅಕ್ಕ ಪುಸ್ತಕ ಮುಚ್ಚಿದಳು. ಇಬ್ಬರೂ ಹೆಸರು ಹೇಳಿ, ಜಗಳವಾಡಿ, ನಗಾಡಿ ಮಲಗಿದರು. ಬೆಳಗಿನ ನಮಾಜಿಗೆ ಕಿಬ್ವಾನ ಏಳಲಿಲ್ಲ.

ಮಣ್ಣು ಮಾಡಿ ಬಂದರು. ಅಕ್ಕ ಇದ್ದತ್ ಕೂತಳು. ನಾಲ್ಕು ತಿಂಗಳು ಹತ್ತು ದಿನ ವಿಧವೆ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಜೊತೆಗೆ ನಾನೇ ಇದ್ದೆ. ಸತ್ತವರ ಹೆಸರಲ್ಲಿ ಫಾತಿಹಾ ಓದಿಸಿ ಹಾಕಿದ ಊಟ ಮುಗಿದು ಜನ ಚದುರಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡು, "ಸಿಯಾಜಬು, ಜಗಲಿ ಮೇಲಿನ ಗೋಣಿಚೀಲದಲ್ಲಿ ಮೇಲುಗಡೇನೇ ಇದೆ ಹೊಸ ಪುಸ್ತಕ, ತಂದುಕೊಡೇ. ನಾವಿಬ್ಬರೂ ಹೆಸರು ಹೇಳಿದ್ದೀವಿ. ಯಾರು ಗೆದ್ದದ್ದು ಅಂತ ನಂಗೆ ಗೊತ್ತಾಗ್ಬೇಕು. ಅದು ಗೊತ್ತಾಗದೆ ಅವರು ಹೋದರು ಅಂತ ಅನ್ಸೋದೇ ಇಲ್ಲ ನಂಗೆ, ಮಾತು ಅರ್ಧಕ್ಕೇ ನಿಂತ ಹಾಗಿದೆ" ಎಂದಳು.

"ಯಾವ ಹೆಸರು ಹೇಳಿದ್ರಿ?" ಎಂದೆ. ತಲೆಯಾಡಿಸಿದಳು, ಹೇಳಲಿಲ್ಲ.

ಜಗಲಿಗೆ ಬಂದರೆ ಚೀಲವೇ ಇಲ್ಲ! ಕಿಬ್ವಾನನ ತಮ್ಮ ಹೆಮೇದಿ ಕಸ ಗುಡಿಸಿದ ಜಾಗದಲ್ಲಿ ಚಾಪೆ ಹಾಸಿ ಕೂತಿದ್ದ. ಪಂಗಾನಿ ಊರಿನಿಂದ ಬಂದವನು, ಮನೆಗೆ ದೊಡ್ಡವನು ಇನ್ನು ತಾನೇ ಎಂಬ ಗತ್ತು ಆಗಲೇ ಏರಿತ್ತು.

"ಚೀಲ ಎಲ್ಲಿ ಹೆಮೇದಿ?"

"ಕಿಡಾವಾಗೆ ಕೊಟ್ಟೆ, ಶೇಂಗಾ ಕಟ್ಟೋಕೆ. ಸಾವಿನ ಮನೇಲಿ ಕುರಾನ್ ಓದ್ಬೇಕು, ಪಿಸ್ತೂಲು ಹಿಡಿದ ಹೆಂಗಸರ ಚಿತ್ರ ಇಟ್ಕೊಂಡು ಕೂರೋದಲ್ಲ. ಬಂದವರ ಎದುರು ನಂಗೆ ಎಷ್ಟು ನಾಚಿಕೆಯಾಯ್ತು ಗೊತ್ತಾ?"

ಕಿಡಾವಾ ಬೀದಿ ತುದಿಯಲ್ಲಿ ಶೇಂಗಾ ಹುರಿದು ಪೊಟ್ಟಣ ಕಟ್ಟಿ ಮಾರುವವಳು. ಒಳಬಾಗಿಲಿಗೆ ಕಟ್ಟಿದ ಪರದೆಯ ಹಿಂದಿನಿಂದ ಅಕ್ಕನ ದನಿ ಬಂತು. "ಮೈದುನರೇ, ನಾನು ಕುರಾನನ್ನೂ ಓದ್ತೀನಿ. ಬೆಳಿಗ್ಗೆ ಕೂತು ಓದಿದ್ದು ನಿಮಗೆ ಕೇಳಿಲ್ವಾ? ಇದ್ದತ್‌ನಲ್ಲಿ ಅತ್ತರು ಹಚ್ಚಬಾರದು, ಬಣ್ಣ ಉಡಬಾರದು, ಹೊರಗೆ ಹೋಗಬಾರದು. ದೊಂಡೋಲನ ಓದಬಾರದು ಅಂತ ಎಲ್ಲಿದೆ, ತೋರಿಸಿ."

"ಅತ್ತಿಗೆ, ಎಲ್ಲದನ್ನೂ ಬರೆದಿಡೋಕಾಗುತ್ತಾ? ಮರ್ಯಾದೆ ಅಂತ ಒಂದಿದೆ."

"ಇದೆ. ಸತ್ತೋರ ವಸ್ತುಗೆ ಕೈ ಹಾಕೋ ಮುಂಚೆ ಹೆಂಡತೀನ ಕೇಳೋದೂ ಮರ್ಯಾದೇನೇ."

ಹೆಮೇದಿಯ ಮುಖ ಕಪ್ಪಿಟ್ಟಿತು. ನಾನು ನಿಲ್ಲಲಿಲ್ಲ, ಓಡಿದೆ. ಈ ವಯಸ್ಸಿನಲ್ಲಿ, ಈ ಮೈಯಲ್ಲಿ ಓಡಿದೆ ನೋಡಿ! ಕಿಡಾವಾ ನನ್ನ ಕಂಡು ನಕ್ಕಳು. ಚೀಲದ ಪುಸ್ತಕಗಳೇನೋ ಬಹುಪಾಲು ಹಾಗೇ ಇದ್ದವು. ಆದರೆ ಎಲ್ಲಕ್ಕಿಂತ ಮೇಲಿದ್ದ ಹೊಸದನ್ನೇ ಅವಳು ಮೊದಲು ಎತ್ತಿಕೊಂಡಿದ್ದಳು. ಅದನ್ನೂ ಹಿಂದಿನಿಂದ ಹರಿದಿದ್ದಳು.

"ಮುಂದಿನಿಂದ ಹರಿಯೋಕೆ ನಿನಗೇನು ರೋಗ?" ಎಂದೆ.

"ಮುಂದೆ ಚಿತ್ರದ ಹೊದಿಕೆ ಗಟ್ಟಿ ಕಣೇ, ಬರಲ್ಲ. ಹಿಂದಿನಿಂದ ಎಳೆದ್ರೆ ಸಲೀಸಾಗಿ ಬರುತ್ತೆ. ನಾವು ಯಾವತ್ತೂ ಹಂಗೇ ಹರಿಯೋದು. ಅದರಲ್ಲಿ ಏನಿದೆ ಅಂತ ನಂಗೇನು ಗೊತ್ತು, ನಂಗೆ ಅಕ್ಷರ ಬರುತ್ತಾ?"

ಕೊನೆಯ ಅಧ್ಯಾಯ ಪೂರ್ತಿ ಪೊಟ್ಟಣವಾಗಿ, ಬೀದಿಯ ಗಂಡಸರು ಹರಟೆಗೆ ಸೇರುವ ಕಾಫಿಯವನ ಜಗಲಿಗೆ ಹೋಗಿತ್ತು. ಉಳಿದ ಪುಸ್ತಕವನ್ನು ಚೀಲದ ಸಮೇತ ಕಸಿದುಕೊಂಡು ಅಲ್ಲಿಗೆ ಹೋದರೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ದಿನವಿಡೀ ರಾಜಕೀಯ ಕುಟ್ಟುತ್ತಿದ್ದ ಗಂಡಸರೆಲ್ಲ ಶೇಂಗಾ ಮಡಿಲಿಗೆ ಸುರಿದುಕೊಂಡು, ಪೊಟ್ಟಣ ಬಿಚ್ಚಿ, ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಾರೆ! "ನಿನ್ನ ಹತ್ರ ಯಾವ ಪುಟ?" "ನಂದರಲ್ಲಿ ದೊಂಡೋಲ ಎದ್ದು ನಿಂತ, ಮುಂದಿಂದು ಯಾರ ಹತ್ರ ಇದೆ?" "ಯಾರೂ ಕೊಲೆಗಾರನ ಹೆಸರು ಹೇಳ್ಬೇಡಿ, ಹೇಳಿದ್ರೆ ಹಲ್ಲು ಉದುರಿಸ್ತೀನಿ!" ಅಂತೂ ಹೆಸರಿದ್ದ ಪುಟ ಯಾರ ಕೈಗೂ ಬಂದಿರಲಿಲ್ಲ. ಅದು ಕಾಫಿಯವನ ಡಬ್ಬದಲ್ಲಿ ಇನ್ನೂ ಬಿಚ್ಚದ ಪೊಟ್ಟಣವಾಗಿಯೇ ಇತ್ತು ಎಂದು ಆಮೇಲೆ ತಿಳಿಯಿತು.

"ಇವೆಲ್ಲ ಕೊಂಬೊ ಅಕ್ಕನ ಪುಟ, ಕೊಡಿ ಇಲ್ಲಿ" ಎಂದು ಸೆರಗು ಒಡ್ಡಿದೆ.

ಬಂದರಿನಲ್ಲಿ ದುಡಿದು ನಿವೃತ್ತನಾದ ಶೆಕುವೆ ತಾತ ಪೊಟ್ಟಣವನ್ನು ಎದೆಗೊತ್ತಿಕೊಂಡ. "ಕೊಡಲ್ಲ ಕಣಮ್ಮಾ. ಧಣಿ ಸತ್ತ ಅಂತಿದೆ, ಹೆಂಗೆ ಸತ್ತ ಗೊತ್ತಿಲ್ಲ. ಈ ಗುಮಾಸ್ತ ಯಾಕೆ ಬೆವರ್ತಾ ಇದಾನೆ, ಗೊತ್ತಿಲ್ಲ. ನಂಗೆ ಇವತ್ತು ಊಟ ಸೇರಲ್ಲ. ಕಥೆ ಮೊದಲಿಂದು ಕೊಂಬೊ ಹತ್ರ ಇದ್ಯಲ್ಲ, ಅದನ್ನ ನಮಗೆ ಓದಿ ಹೇಳಲಿ, ಕೊನೇದು ಕೊಡ್ತೀವಿ."

ನಾನು ಬಂದು ಅಕ್ಕನಿಗೆ ಹೇಳಿದೆ. ಅಷ್ಟು ದಿನ ಕುಗ್ಗಿ ಕೂತಿದ್ದವಳು ಬೆನ್ನು ನೆಟ್ಟಗೆ ಮಾಡಿದಳು. "ಬರಲಿ, ಜಗಲಿ ಮೇಲೆ ಕೂರಲಿ. ನಾನು ಪರದೆ ಒಳಗೇ ಇರ್ತೀನಿ. ಹೊಸ್ತಿಲು ದಾಟಲ್ಲ, ಮುಖ ತೋರಿಸಲ್ಲ. ಓದ್ತೀನಿ."

"ಹೆಮೇದಿ ಕುಣೀತಾನೆ ಅಕ್ಕ."

"ಕುಣೀಲಿ. ನನ್ನ ಗಂಡ ಸತ್ತದ್ದು, ಅವನ ಗಂಡ ಅಲ್ಲ."

ಮಾರನೆಯ ದಿನ ಮಧ್ಯಾಹ್ನದ ನಮಾಜು ಮುಗಿಸಿ ಕಾಫಿ ಜಗಲಿಯೇ ಎದ್ದು ನಮ್ಮ ಜಗಲಿಗೆ ಬಂತು. ಕಾಫಿಯವನೂ ಅಡಿಗೆ ಕೆಂಡ ಹಾಕಿದ ತನ್ನ ಕಾಫಿ ಕೂಜಾ ಎತ್ತಿಕೊಂಡು ಬಂದ, ಗಿರಾಕಿಗಳೆಲ್ಲ ಇಲ್ಲಿದ್ದರೆ ಅವನು ಅಲ್ಲಿ ಯಾರ ಮುಖ ನೋಡಿಕೊಂಡು ಕೂರಬೇಕು? ಪರದೆಯ ಹಿಂದಿನಿಂದ ಅಕ್ಕ ಓದಲು ಶುರುಮಾಡಿದಳು. ಮೊದಮೊದಲು ದನಿ ಒಡೆಯಿತು. ಆಮೇಲೆ ಹಿಡಿತಕ್ಕೆ ಬಂತು. ಖಾಲಿ ಮೆಷಿನ್ನಿನ ಪಕ್ಕ ಅಷ್ಟು ಜನ ಗಂಡಸರು ಉಸಿರು ಬಿಗಿಹಿಡಿದು ಕೂತದ್ದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಕಿಬ್ವಾನ ಇದ್ದಿದ್ದರೆ ಎಷ್ಟು ಮೆರೆಯುತ್ತಿದ್ದ!

ಓದು ಎರಡು ಮೂರು ಮಧ್ಯಾಹ್ನ ನಡೆಯಿತು. ಹೆಮೇದಿ ಮೊದಲ ದಿನ ಕೆಂಡಾಮಂಡಲವಾಗಿ ಮಸೀದಿಗೆ ಹೋಗಿ ಇಮಾಮರ ಹತ್ತಿರ ದೂರಿದ. "ಪರದೆ ಇದೆ, ಹೊಸ್ತಿಲು ದಾಟಿಲ್ಲ, ನಿನಗೇನಪ್ಪಾ ತೊಂದರೆ?" ಎಂದರಂತೆ ಅವರು. ಎರಡನೇ ದಿನ ಹಿತ್ತಲಲ್ಲಿ ಮುಖ ಗಂಟಿಕ್ಕಿಕೊಂಡು ಕೂತ. ಹಿತ್ತಲಿಗೂ ದನಿ ಚೆನ್ನಾಗಿ ಕೇಳುತ್ತದೆ, ಅದು ನನಗೆ ಗೊತ್ತು.

ಕೊನೆಯ ದಿನ ದೊಂಡೋಲ ಕುರ್ಚಿ ಹಾಕಿಸಿದ. ಅಕ್ಕ ಪುಸ್ತಕ ಮುಚ್ಚಿದಳು. ಹೊರಗಿದ್ದವರೆಲ್ಲ ಪೊಟ್ಟಣದ ಪುಟಗಳನ್ನು ನೀಟಾಗಿ ತೀಡಿ ಪರದೆಯ ಸಂದಿಯಿಂದ ಒಳಗೆ ಕೊಟ್ಟರು. ಎಣ್ಣೆ ಕಲೆ, ಉಪ್ಪು, ಶೇಂಗಾ ಸಿಪ್ಪೆ, ಎಲ್ಲ ಇತ್ತು. ನಾನು ಒಳಗೆ ಅವಳ ಪಕ್ಕ ಕೂತು ಪುಟದ ಅಂಕಿ ನೋಡಿ ಜೋಡಿಸಿಕೊಟ್ಟೆ, ಅಂಕಿ ಮಾತ್ರ ನಾನು ಮರೆತಿಲ್ಲ.

"ಓದೋ ಮುಂಚೆ ಎಲ್ಲರೂ ಒಂದೊಂದು ಹೆಸರು ಹೇಳಿ" ಎಂದಳು ಅಕ್ಕ. "ಇದು ಈ ಮನೆ ಪದ್ಧತಿ."

ಗದ್ದಲವೋ ಗದ್ದಲ. ಗುಮಾಸ್ತ ಎಂದ ಶೆಕುವೆ ತಾತ. ಎರಡನೇ ಹೆಂಡತಿ ಎಂದ ಕಾಫಿಯವನು, ಅವನಿಗೂ ಇಬ್ಬರು ಹೆಂಡಿರು. ಅಷ್ಟರಲ್ಲಿ ಹೆಮೇದಿ ಹಿತ್ತಲಿಂದ ದಡದಡನೆ ಬಂದು ಜಗಲಿಯ ಮೆಟ್ಟಿಲಲ್ಲಿ ನಿಂತ.

"ಸಾಕು! ಮನೇನ ಸಂತೆ ಮಾಡಿದ್ದು ಸಾಕು, ಎದ್ದು ಹೋಗಿ ಎಲ್ಲರೂ!"

"ಮೈದುನರೇ, ನೀವೂ ಒಂದು ಹೆಸರು ಹೇಳಿ" ಎಂದಳು ಅಕ್ಕ ಒಳಗಿನಿಂದ. "ಹೇಳಿದ್ಮೇಲೆ ಬೇಕಾದ್ರೆ ಎಲ್ಲರನ್ನೂ ಕಳಿಸಿ."

"ನಂಗೆ ಆ ದರಿದ್ರ ಕಥೆ ಬೇಡ."

"ತಮ್ಮನೇ ಕೊಂದಿರ್ಬೇಕು ಬಿಡಿ, ಆಸ್ತಿಗೆ" ಎಂದ ಯಾರೋ ಮೂಲೆಯಿಂದ.

ಹೆಮೇದಿ ಅವನ ಕಡೆ ಹಾರಿಬಿದ್ದ. "ಏಯ್, ಕಿವಿ ಇಟ್ಕೊಂಡು ಕೇಳಿದ್ಯಾ ಇಲ್ವಾ? ಡ್ರೈವರ್ ಕಣಯ್ಯಾ! ಧಣಿಗೆ ಆ ವಿಷದ ಊಟದ ಡಬ್ಬ ಹಿಡ್ಕೊಂಡು ಹೋದೋನು ಅವನು ತಾನೇ? ಒಡಹುಟ್ಟಿದ ತಮ್ಮ ಎಲ್ಲಾದ್ರೂ ಅಣ್ಣನಿಗೆ ಹಾಗೆ ಮಾಡ್ತಾನಾ?"

ಜಗಲಿಯೇ ಕಿತ್ತುಹೋಗುವಂತೆ ನಕ್ಕರು. ಶೆಕುವೆ ತಾತನಿಗೆ ಕಾಫಿ ನೆತ್ತಿಗೇರಿತು. ಹೆಮೇದಿಯ ಕಿವಿ ಕೆಂಪಾದವು. ನಾನೂ ನಕ್ಕೆ, ಹೊಟ್ಟೆ ತುಂಬ ನಕ್ಕೆ. ಆದರೆ ಪರದೆಯ ಒಳಗೆ ಅಕ್ಕ ನಗಲಿಲ್ಲ. ಎಲ್ಲರ ನಗು ನಿಲ್ಲುವವರೆಗೆ ಎಣ್ಣೆ ಹತ್ತಿದ ಪುಟವನ್ನು ತೊಡೆಯ ಮೇಲಿಟ್ಟು ತೀಡುತ್ತಿದ್ದಳು. ಆಮೇಲೆ ಓದಿದಳು.

ದೊಂಡೋಲ ಒಬ್ಬೊಬ್ಬರನ್ನೇ ಬಿಟ್ಟ. ಗುಮಾಸ್ತ ಕದ್ದಿದ್ದ, ಕೊಂದಿರಲಿಲ್ಲ. ಹೆಂಡತಿ ಸುಳ್ಳು ಹೇಳಿದ್ದಳು, ಕೊಂದಿರಲಿಲ್ಲ. ಡ್ರೈವರ್ ಡಬ್ಬ ಒಯ್ದದ್ದು ನಿಜ, ಒಳಗೇನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೋಳ ಬಿದ್ದದ್ದು ತಮ್ಮನ ಕೈಗೆ.

ಹೆಮೇದಿ ಮೆಟ್ಟಿಲಲ್ಲಿ ನಿಂತೇ ಇದ್ದ.

"ನಾನು ಗೆದ್ದೆ" ಎಂದಳು ಅಕ್ಕ ಪರದೆಯ ಹಿಂದಿನಿಂದ. ಮಾತು ನೆಟ್ಟಗೆ ಬಂತು. "ಆ ಸಂಜೆ ನಾನು ತಮ್ಮ ಅಂದೆ. ನಿಮ್ಮಣ್ಣ ಡ್ರೈವರ್ ಅಂದ್ರು. ಮೈದುನರೇ, ನೀವು ಈಗ ಹೇಳಿದ್ರಲ್ಲ, ಅದೇ ಮಾತು. 'ತಮ್ಮ ಅಂಥದ್ದು ಮಾಡಲ್ಲ ಕಣೇ, ನಂಗೂ ಒಬ್ಬ ತಮ್ಮ ಇದಾನೆ, ನಂಗೊತ್ತು' ಅಂದ್ರು. ಅದನ್ನೇ ನೆಚ್ಚಿಕೊಂಡು ಸೋತರು."

ಹೆಮೇದಿ ತಲೆಯ ಟೋಪಿ ತೆಗೆದ. ಅಣ್ಣನ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಎದ್ದು ಹೋಗಲು ಹೊರಟವರನ್ನು ಅಕ್ಕನ ದನಿ ತಡೆಯಿತು.

"ಯಾರೂ ಏಳ್ಬೇಡಿ, ಇನ್ನೂ ಮೂರು ಪುಟ ಇದೆ" ಎಂದಳು. ಎಂದು, ಓದತೊಡಗಿದಳು.