ನೀರುಗಂಟಿ ಚೆಲುವಯ್ಯನ ಹೆಂಡತಿ

ಕಟ್ಟೆಮಳಲವಾಡಿಯ ನಾಲೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ಕಾರ್ತಿಕದ ಚಳಿ ಹಲ್ಲು ಕಟಕಟಿಸುವಂತಿದೆ. ಏರಿಯ ಮೇಲೆ ಒಬ್ಬಳು ಹೆಂಗಸು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹೆಗಲ ಮೇಲೆ ಸನಿಕೆ ಹೊತ್ತು ಬರುತ್ತಾಳೆ. ಎರಡೂ ಮುಂಗೈಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಾಳೆ. ಗದ್ದೆಗೆ ನೀರು ಬಿಡುವ ಮೊದಲ ಗಂಡಿಯ ಹತ್ತಿರ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಡೆಮಟ್ಟದ ನೀರಿಗೆ ಇಳಿಯುತ್ತಾಳೆ. ಗಂಡಿಗೆ ಅಡ್ಡವಿಟ್ಟ ಹಲಗೆಯನ್ನು ಎರಡು ಕೈಯಿಂದ ಅಲುಗಾಡಿಸಿ ಎಳೆಯುತ್ತಾಳೆ. ನೀರು ಗದ್ದೆಯೊಳಕ್ಕೆ ನುಗ್ಗುತ್ತದೆ. ಅವಳು ಸ್ವಲ್ಪ ಹೊತ್ತು ತಲೆ ಬಾಗಿಸಿ ಅದರ ಸದ್ದು ಕೇಳುತ್ತಾಳೆ.

"ಸದ್ದು ಕೇಳಿದ್ರೆ ಗೊತ್ತಾಯ್ತದೆ, ಎಷ್ಟು ಓಯ್ತಾ ಅದೆ ಅಂತ. ಜಾಸ್ತಿ ಓದ್ರೆ ಗೊಳಗೊಳ ಅಂತದೆ" ಎನ್ನುತ್ತಾಳೆ. ಆಮೇಲೆ ಬಗ್ಗಿ ಎರಡು ಬೊಗಸೆ ಮಣ್ಣು ಮೆತ್ತಿ, ಸದ್ದು ಹದಕ್ಕೆ ಬಂದ ಮೇಲೆ ಮುಂದಕ್ಕೆ ನಡೆಯುತ್ತಾಳೆ.

ಇವಳ ಹೆಸರು ಚಿಕ್ಕಮಾದಮ್ಮ. ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ, ಅವಳಿಗೇ ಖಚಿತವಿಲ್ಲ. ಗಂಡ ಚೆಲುವಯ್ಯ ಈ ಊರಿನ ನೀರುಗಂಟಿ. ಲಕ್ಷ್ಮಣತೀರ್ಥದ ಕಟ್ಟೆಯಿಂದ ಬರುವ ನಾಲೆಯಲ್ಲಿ ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂಬುದನ್ನು ನೋಡಿಕೊಳ್ಳುವ ಕೆಲಸ ಅವನ ಮನೆತನಕ್ಕೆ ತಾತನ ಕಾಲದಿಂದ ಬಂದದ್ದು. ಚೆಲುವಯ್ಯ ಪಲ್ಟಣ ಸೇರಿ ಸಮುದ್ರ ದಾಟಿ ಹೋಗಿ ಮೂರು ವರ್ಷವಾಯಿತು. ಅಂದಿನಿಂದ ಸನಿಕೆ ಹೆಂಡತಿಯ ಹೆಗಲಿಗೆ ಬಂದಿದೆ.

ನಾಲೆಯ ಉದ್ದ ಮೂರು ಮೈಲಿ. ಅದರ ಮೇಲೆ ಇಪ್ಪತ್ತೊಂದು ಗಂಡಿ. ಬೆಳಗಿನ ಹೊತ್ತು ಒಂದು ಸಲ, ಹೊತ್ತು ಇಳಿಯುವಾಗ ಇನ್ನೊಂದು ಸಲ, ದಿನಕ್ಕೆ ಎರಡು ಬಾರಿ ಹೋಗಿ ಬಂದರೆ ಹನ್ನೆರಡು ಮೈಲಿ. ನಡುವೆ ಏಡಿ ಕೊರೆದ ತೂತು ಮುಚ್ಚಬೇಕು, ಜೊಂಡು ಕೀಳಬೇಕು, ಎಮ್ಮೆ ತುಳಿದ ಏರಿಗೆ ಮಣ್ಣು ಏರಿಸಬೇಕು. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಒಂದು ಹೊರೆ ಭತ್ತ.

ಚಿಕ್ಕಮಾದಮ್ಮ ಭೇರ್ಯದ ಕಡೆಯ ಹೆಣ್ಣು. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆಯೇ ಚೆಲುವಯ್ಯ ಹುಣಸೂರಿನಲ್ಲಿ ಆಳು ಸೇರಿಸಿಕೊಳ್ಳುತ್ತಿದ್ದವರ ಮುಂದೆ ಎದೆ ಅಳೆಸಿಕೊಂಡು ಬಂದ. ಮನೆಗೆ ಬಂದು ಹೇಳಿದ್ದು ಒಂದೇ ಮಾತು. "ಬೇಸಾಯದ ಒತ್ಗೆ ಬಂದ್ಬುಡ್ತೀನಿ ಕಣಮ್ಮಿ." ಯಾವ ಬೇಸಾಯ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮೊದಲು ಬೆಂಗಳೂರಿನಿಂದ ಎರಡು ಕಾಗದ, ಆಮೇಲೆ ಹಡಗು ಹತ್ತುವ ಮುಂಚೆ ಒಂದು, ಕೊನೆಗೆ ಮಲೆಯಾ ದೇಶದಿಂದ ಒಂದು. ಅದರಲ್ಲಿ ಮೂರು ಸಾಲಿಗೆ ಯಾರೋ ಕಪ್ಪು ಮಸಿ ಬಳಿದಿದ್ದರು. ಓದಿ ಹೇಳಿದ ಮೇಷ್ಟ್ರು ಆ ಸಾಲು ಬಂದಾಗ ಕನ್ನಡಕ ತೆಗೆದು, "ಇಲ್ಲಿ ಏನೋ ಇದೆಯಮ್ಮ, ಕಾಣೋದಿಲ್ಲ" ಎಂದರು.

೧೯೪೨ರ ಶಿವರಾತ್ರಿಯ ಆಸುಪಾಸಿನಲ್ಲಿ ಸಿಂಗಪುರ ಬಿತ್ತೆಂದು ಹುಣಸೂರಿನ ಸಂತೆಯಿಂದ ಬಂದವರು ಸುದ್ದಿ ತಂದರು. ಆಮೇಲೆ ಕಾಗದ ಬರಲಿಲ್ಲ. ಮೇಷ್ಟ್ರ ಕೈಯಲ್ಲಿ ಅರ್ಜಿ ಬರೆಸಿ ಹಾಕಿದ ಆರು ತಿಂಗಳಿಗೆ ಬಂದ ಉತ್ತರದಲ್ಲಿ, ಚೆಲುವಯ್ಯನ ಹೆಸರು ಸತ್ತವರ ಪಟ್ಟಿಯಲ್ಲೂ ಇಲ್ಲ, ಸೆರೆ ಸಿಕ್ಕವರ ಪಟ್ಟಿಯಲ್ಲೂ ಇಲ್ಲ ಎಂದಿತ್ತು.

ಊರಿನ ಹೆಂಗಸರಿಗೆ ಇದು ಕಷ್ಟದ ಲೆಕ್ಕ. ಮುತ್ತೈದೆ ಎಂದು ಕರೆಯಬೇಕೋ ಬೇಡವೋ. ಹಬ್ಬದ ದಿನ ಅವಳ ಮನೆಯ ಬಾಗಿಲು ದಾಟುವಾಗ ಕೆಲವರ ನಡಿಗೆ ಚುರುಕಾಗುತ್ತದೆ. ಯುದ್ಧದ ದೆಸೆಯಿಂದ ಬೆಂಕಿಪೊಟ್ಟಣ ಸಿಗುವುದಿಲ್ಲ, ಸೀಮೆಎಣ್ಣೆಯೂ ಅಷ್ಟಕ್ಕಷ್ಟೇ. ಬೆಳಗಾದರೆ ಬೆರಣಿಯ ಚೂರು ಹಿಡಿದು ಪಕ್ಕದ ಮನೆಗೆ ಕೆಂಡಕ್ಕೆ ಹೋಗಬೇಕು. ಒಂದು ಮನೆಯವರು "ಈಗ್ತಾನೆ ಆರೋಯ್ತು" ಎಂದರು. ಅವರ ಸೂರಿನಿಂದ ಹೊಗೆ ಏಳುತ್ತಲೇ ಇತ್ತು. ಅಂದಿನಿಂದ ಅವಳು ಕೆಂಡಕ್ಕೆ ಹೋಗುವುದು ಸೋಮಮ್ಮನ ಮನೆಗೆ ಮಾತ್ರ. ಸೋಮಮ್ಮ ಏನನ್ನೂ ಕೇಳದೆ ಒಲೆಯ ಮುಂದಿನಿಂದ ಸರಿದು ಜಾಗ ಕೊಡುತ್ತಾಳೆ.

ಎಲ್ಲಕ್ಕಿಂತ ದೊಡ್ಡ ಗೋಳು ಬಳೆಯದು. ಹಲಗೆ ಎಳೆಯುವಾಗ, ಕಲ್ಲು ಎತ್ತುವಾಗ ಗಾಜಿನ ಬಳೆ ಒಡೆಯದೆ ಇರುತ್ತದೆಯೇ? ಒಂದು ಬಳೆ ಒಡೆದರೆ ನೋಡಿದವರು ಉಸಿರು ಬಿಗಿಹಿಡಿಯುತ್ತಾರೆ. ಮೊದಮೊದಲು ಅತ್ತೆ ಮರಮ್ಮ ಬರಿಗೈ ಕಂಡು ಹೊಸ್ತಿಲಲ್ಲೇ ಕುಸಿದು ಕೂತದ್ದುಂಟು. ಅದಕ್ಕೇ ಮುಂಗೈಗೆ ಬಟ್ಟೆ.

"ಗಾಜು ಒಡೆದ್ರೆ ಗಾಜು ಒಡೀತು, ಅಷ್ಟೇಯ" ಎನ್ನುತ್ತಾಳೆ ಚಿಕ್ಕಮಾದಮ್ಮ. "ಆದ್ರೆ ಅತ್ತೆಮ್ಮನ ಜೀವ ಅಳ್ಳಾಡ್ತದಲ್ಲ, ಅದುಕ್ಕೆ ಸುತ್ಕತೀನಿ."

ಸುಖವೇ ಇಲ್ಲವೆಂದಲ್ಲ. ಏರಿಯ ಮೇಲೆ ಹೊನಗೊನ್ನೆ ಸೊಪ್ಪು ಸಿಗುತ್ತದೆ, ಒಂದೆಲಗ ಸಿಗುತ್ತದೆ. ಗಂಡಿಯಲ್ಲಿ ಏಡಿ ಸಿಕ್ಕ ದಿನ ಮನೆಯಲ್ಲಿ ಹಬ್ಬ. ಹಲ್ಲಿಲ್ಲದ ಮರಮ್ಮ ಏಡಿಸಾರಿಗೆ ಮುದ್ದೆ ಅದ್ದಿ ನುಂಗುತ್ತಾ, "ನಿನ್ ಗಂಡುಂಗಿಂತ ನೀನೇ ಚೆಂದಾಗಿ ಇಡೀತೀಯ ಬುಡು" ಎನ್ನುತ್ತಾಳೆ. ಮಧ್ಯಾಹ್ನ ಒಂದಿಷ್ಟು ಹೊತ್ತು ಅತ್ತೆಸೊಸೆ ಜಗುಲಿಯ ಬಿಸಿಲಲ್ಲಿ ಕಾಲು ಚಾಚಿ ಕೂರುತ್ತಾರೆ. ನೀರಲ್ಲಿ ನೆನೆದು ಬಿರಿದ ಸೊಸೆಯ ಹಿಮ್ಮಡಿಗೆ ಅತ್ತೆ ಹರಳೆಣ್ಣೆ ತಿಕ್ಕುತ್ತಾಳೆ. ಬೇರೆ ಮನೆಗಳಲ್ಲಿ ಇದು ತಿರುಗುಮುರುಗು. ಇಬ್ಬರಿಗೂ ಅದು ಗೊತ್ತಿದೆ, ಇಬ್ಬರೂ ಅದರ ಮಾತೆತ್ತುವುದಿಲ್ಲ.

ಹೋದ ವರ್ಷ ಆಶ್ವಯುಜದಲ್ಲಿ ಮಳೆ ಕೈಕೊಟ್ಟಿತು. ಭತ್ತ ಹೊಡೆ ಕಟ್ಟಿ ತೆನೆ ಬಿಡುವ ಹೊತ್ತು. ಹೊಳೆಯಲ್ಲಿ ನೀರು ಇಳಿದು, ಕಟ್ಟೆಯಿಂದ ನಾಲೆಗೆ ಬರುವುದು ಅರ್ಧಕ್ಕರ್ಧ ಆಯಿತು. ಸರದಿಯ ಮೇಲೆ ನೀರು ಬಿಡಬೇಕಾಗಿ ಬಂತು. ಅದೇ ವಾರ ಊರಿನ ಹಿರಿಯ ರುದ್ರಸ್ವಾಮಿಯವರು ಚಾವಡಿಯಲ್ಲಿ ನಾಲ್ಕು ಜನರನ್ನು ಸೇರಿಸಿ ಅವಳನ್ನು ಕರೆಸಿದರು. ನಾಲೆಯ ಮೊದಲ ಗಂಡಿಯ ಕೆಳಗೆ ಅವರದು ಆರು ಎಕರೆ ಗದ್ದೆ. ಪಕ್ಕದಲ್ಲಿ ಚೆಲುವಯ್ಯನ ದಾಯಾದಿ ಮಾದೇವ ಕೈಕಟ್ಟಿ ನಿಂತಿದ್ದ.

"ನೋಡು ಚಿಕ್ಕಮಾದಿ," ಎಂದರು ರುದ್ರಸ್ವಾಮಿ, "ಗಂಡಸಿನ ಕೆಲ್ಸ ಗಂಡಸೇ ಮಾಡ್ಬೇಕು. ಚೆಲುವ ಓಗಿ ಎರಡು ವರ್ಸ ಆಯ್ತು. ಅವನ ತಿಥಿ ಮಾಡಿ ಮುಗಿಸಿ. ಮಾದೇವ ಸನಿಕೆ ಇಡ್ಕತಾನೆ. ನೀನು ನಿನ್ನ ತೌರಿಗೆ ಓಗು, ನಿನಗೂ ವಯಸ್ಸದೆ."

ಚಿಕ್ಕಮಾದಮ್ಮ ಚಾವಡಿಯ ಕೆಳಗೆ ನಿಂತಿದ್ದಳು. ಅಷ್ಟು ಜನ ಗಂಡಸರ ಮುಂದೆ ಅವಳು ಒಂದು ದಿನವೂ ಮಾತನಾಡಿದವಳಲ್ಲ. "ಸತ್ತವ್ರೆ ಅಂತ ಯಾರು ಕಂಡವ್ರೆ ಬುದ್ಧಿ?" ಎಂದಳು. ದನಿ ತನ್ನದಲ್ಲ ಎನ್ನಿಸಿತು.

ಹಿಂದೆ ಕೋಲೂರಿಕೊಂಡು ಬಂದಿದ್ದ ಮರಮ್ಮ ಮುಂದೆ ಬಂದಳು. "ಎತ್ತೋಳು ನಾನು. ತಿಥಿ ಮಾಡಿ ಅಂತ ನಾನು ಏಳ್ಬೇಕು, ನೀವಲ್ಲ. ಮಾದೇವ, ಬದುಕಿರೋನ ಎಸರಲ್ಲಿ ಎಡೆ ಇಕ್ಕಿದ್ರೆ ಉಣ್ಣಕೆ ಬರೋರು ಯಾರ್ಲಾ?"

ಚಾವಡಿಯಲ್ಲಿ ಗುಸುಗುಸು ಎದ್ದಿತು. ಕೊನೆಗೆ ಒಂದು ತೀರ್ಮಾನವಾಯಿತು. ಮಳೆ ಬರುವವರೆಗೆ ಅವಳೇ ನೀರು ನೋಡಲಿ. ನಾಲೆಯ ಕೊನೆಯ ಗದ್ದೆ ಒಣಗಿದರೆ ಸನಿಕೆ ಮಾದೇವನ ಕೈಗೆ ಕೊಟ್ಟು, ತಿಥಿಗೂ ಒಪ್ಪಬೇಕು. ಕೊನೆಯ ಗದ್ದೆ ಸಣ್ಣತಾಯಮ್ಮನೆಂಬ ಮುದುಕಿಯದು, ಮುಕ್ಕಾಲು ಎಕರೆ. ಒಳ್ಳೆಯ ಮಳೆಯ ವರ್ಷದಲ್ಲೂ ಅಲ್ಲಿಗೆ ನೀರು ಮುಟ್ಟಿಸುವುದು ಸಾಹಸ.

ಹತ್ತು ದಿನ ಚಿಕ್ಕಮಾದಮ್ಮ ಬೆಳಿಗ್ಗೆ ಕೆಂಡ ತರುವ ಹೊತ್ತು ಬಿಟ್ಟರೆ ಏರಿಯಿಂದ ಕದಲಲಿಲ್ಲ. ಅತ್ತೆ ಅಲ್ಲಿಗೇ ಮುದ್ದೆ ತರುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಒಂದೊಂದು ಗಂಡಿಗೂ ಲೆಕ್ಕದ ಹೊತ್ತು, ಲೆಕ್ಕದ ನೀರು. ಸರದಿಗೆ ಮುಂಚೆ ನೀರು ಕೇಳಲು ಬಂದವರಲ್ಲಿ ಸೋಮಮ್ಮನ ಗಂಡನೂ ಒಬ್ಬ. ದಿನಾ ಕೆಂಡ ಕೊಡುವ ಮನೆ. "ನಾಳೆ ಕಣಣ್ಣ" ಎಂದಷ್ಟೇ ಹೇಳಿ ಅವಳು ಮುಖ ತಿರುಗಿಸಿಕೊಂಡಳು. ಮರುದಿನ ಬೆರಣಿ ಹಿಡಿದು ಅವರ ಬಾಗಿಲಿಗೆ ಹೋಗುವಾಗ ಕಾಲು ಏಳಲಿಲ್ಲ. ಸೋಮಮ್ಮ ಎಂದಿನಂತೆ ಸರಿದು ಜಾಗ ಕೊಟ್ಟಳು.

ಹನ್ನೊಂದನೆಯ ದಿನ ಬೆಳಿಗ್ಗೆ ನಾಲೆಯ ಕೊನೆಯಲ್ಲಿ ನೀರು ನಿಂತುಹೋಯಿತು. ಸಣ್ಣತಾಯಮ್ಮನ ಗದ್ದೆಗೆ ಅಂದೇ ಸರದಿ. ಚಿಕ್ಕಮಾದಮ್ಮ ಮೂರು ಮೈಲಿ ಏರಿಯ ಮೇಲೆ ಓಡುತ್ತಾ ಬಂದಳು. ರುದ್ರಸ್ವಾಮಿಯವರ ಗಂಡಿಯಲ್ಲಿ ಹಲಗೆ ಇರಲಿಲ್ಲ. ನೀರಿನ ಅಳತೆಗೆ ಹೂತಿಟ್ಟ ಕಲ್ಲನ್ನೂ ಕಿತ್ತು ಯಾರೋ ಆಚೆಗೆ ಉರುಳಿಸಿದ್ದರು. ನಾಲೆಯ ನೀರೆಲ್ಲ ಅವರ ಗದ್ದೆಗೆ ನುಗ್ಗುತ್ತಿತ್ತು. ಕಲ್ಲನ್ನು ಎತ್ತಲು ನೋಡಿದಳು, ಒಬ್ಬಳ ಕೈಯಲ್ಲಿ ಅಲುಗಲಿಲ್ಲ. ಮಣ್ಣು ಹಾಕಿದಳು, ಕೊಚ್ಚಿಕೊಂಡು ಹೋಯಿತು. ಆಗ ಅವಳು ಸನಿಕೆಯನ್ನು ಏರಿಯ ಮೇಲೆ ನೆಟ್ಟು, ಗಂಡಿಯ ಬಾಯಿಗೆ ತಾನೇ ಅಡ್ಡ ಕೂತಳು. ಬೆನ್ನಿಗೆ ನೀರು, ಎದುರಿಗೆ ಗದ್ದೆ. ಎರಡು ಪಕ್ಕದ ಸಂದಿಗೂ ಜೊಂಡು, ಹೆಂಟೆ ತುರುಕಿಕೊಂಡಳು. ನೀರು ಹೆಗಲವರೆಗೆ ಏರಿ, ಆಮೇಲೆ ದಾರಿ ಬದಲಿಸಿ ನಾಲೆಯಲ್ಲಿ ಕೆಳಕ್ಕೆ ಹರಿಯತೊಡಗಿತು.

ಸುದ್ದಿ ತಿಳಿದು ರುದ್ರಸ್ವಾಮಿ ಬಂದರು. ಹಿಂದೆ ಮಾದೇವನೂ ಸೇರಿ ಹತ್ತು ಹದಿನೈದು ಜನ.

"ಏಳಮ್ಮಿ."

"ಕೊನೇ ಗದ್ದೆ ಒದ್ದೆ ಆಗ್ಲಿ ಬುದ್ಧಿ, ಏಳ್ತೀನಿ."

"ಏಳು ಅಂದ್ರೆ!"

ಅವಳು ಏಳಲಿಲ್ಲ. ಎಬ್ಬಿಸಬೇಕೆಂದರೆ ಮುಟ್ಟಬೇಕು. ಅವರು ಮುಟ್ಟುವ ಜಾತಿಯವರಲ್ಲ, ಮುಟ್ಟಿಸಿಕೊಳ್ಳುವ ಜಾತಿ ಅವಳದಲ್ಲ. ಜೊತೆಗೆ ಹೆಂಗಸು. ಮಾದೇವನ ಕಡೆ ಎಲ್ಲರೂ ನೋಡಿದರು. ಅವನು ಒಂದು ಹೆಜ್ಜೆ ಇಟ್ಟು ನಿಂತ. ನೀರಲ್ಲಿ ಅವಳ ತುಟಿ ನೀಲಿಗಟ್ಟಿತ್ತು, ದವಡೆ ನಡುಗುತ್ತಿತ್ತು. ರುದ್ರಸ್ವಾಮಿ ತುಸು ಹೊತ್ತು ತಮ್ಮ ಗದ್ದೆಯನ್ನೂ ಅವಳನ್ನೂ ನೋಡುತ್ತಾ ನಿಂತು, ಬಂದ ದಾರಿಯಲ್ಲಿ ಹಿಂತಿರುಗಿದರು.

ಹೊತ್ತು ನೆತ್ತಿಗೆ ಬಂದಾಗ ಕೆಳಗಿನಿಂದ ಕೂಗು ಕೇಳಿಸಿತು. ಸಣ್ಣತಾಯಮ್ಮನ ಗದ್ದೆ ತುಂಬಿತ್ತು. ಚಿಕ್ಕಮಾದಮ್ಮನಿಗೆ ಏಳಲಾಗಲಿಲ್ಲ, ಕಾಲು ಮರಗಟ್ಟಿದ್ದವು. ನೀರಿಗೆ ಇಳಿದು ಅವಳ ರಟ್ಟೆ ಹಿಡಿದು ಎತ್ತಿದ್ದು ಮಾದೇವ. ಆ ಕಲ್ಲನ್ನು ಜಾಗಕ್ಕೆ ಉರುಳಿಸಿ ಹೂತದ್ದೂ ಅವನೇ.

"ಅತ್ತಿಗೆ ನೀರಲ್ಲಿ ಕೂತಿದ್ದು ನೋಡಿ ನಂಗೆ ನಾಚ್ಕೆ ಆಯ್ತು ಕಣ್ರೀ" ಎಂದು ಈಗ ಮಾದೇವ ಹೇಳುತ್ತಾನೆ. "ಸನಿಕೆ ಬೇಕು ಅಂತ ಆಮ್ಯಾಕೆ ನಾನು ಕೇಳ್ಳಿಲ್ಲ."

ರುದ್ರಸ್ವಾಮಿಯವರನ್ನು ಕೇಳಿದರೆ, "ನನ್ನ ಗದ್ದೆ ಎರಡು ಪಟ್ಟೆ ಒಣಗಿದ್ದು ನಿಜ. ಅವಳು ಮಾಡಿದ್ದು ಸರಿ ಅಂತ ನಾನು ಏಳಕ್ಕಿಲ್ಲ. ಆದ್ರೆ ಕಲ್ಲು ಅಲುಗಿಸ್ಬ್ಯಾಡಿ ಅಂತ ನಮ್ಮ ಆಳುಗಳಿಗೆ ಏಳಿವ್ನಿ" ಎನ್ನುತ್ತಾರೆ.

ಹದಿನಾರನೆಯ ದಿನ ಮಳೆ ಬಂತು. ಸುಗ್ಗಿಯಲ್ಲಿ ಸಣ್ಣತಾಯಮ್ಮ ಮೊದಲ ಹೊರೆಯನ್ನು ತಾನೇ ತಲೆಯ ಮೇಲೆ ಹೊತ್ತು ತಂದು ಇವರ ಹಟ್ಟಿಯ ಮುಂದೆ ಇಳಿಸಿದಳು. ತಿಥಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಹಬ್ಬಕ್ಕೆ ಕರೆಯದ ಮನೆಗಳು ಈಗಲೂ ಕರೆಯುವುದಿಲ್ಲ. ಅಂದು ನೀರಲ್ಲಿ ಕೂತದ್ದರಿಂದ ಹಿಡಿದ ಸೊಂಟದ ನೋವು ಚಳಿ ಬಂದರೆ ಈಗಲೂ ಕಾಡುತ್ತದೆ. ಶಾನುಭೋಗರ ಪುಸ್ತಕದಲ್ಲಿ ನೀರುಗಂಟಿಯ ಹೆಸರಿನ ಮುಂದೆ ಚೆಲುವಯ್ಯ ಎಂದೇ ಇದೆ.

ಬಿಸಿಲು ಏರುತ್ತದೆ. ಇಪ್ಪತ್ತೊಂದನೆಯ ಗಂಡಿಯೂ ಮುಗಿದಿದೆ. ಚಿಕ್ಕಮಾದಮ್ಮ ಕಾಲಿನ ಕೆಸರು ತೊಳೆದುಕೊಂಡು ಏರಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾಳೆ. ಈ ಲಡಾಯಿ ಮುಗಿದ ಮೇಲೆ ಏನು ಬೇಕು ಎಂದು ಕೇಳಿದರೆ ಸುಣ್ಣದ ಬೆರಳನ್ನು ಕಲ್ಲಿಗೆ ಒರೆಸುತ್ತಾಳೆ.

"ಒಂದಿನ ಮನೇಲೇ ಕುಂತ್ಕಂಡು ಅಡ್ಗೆ ಮಾಡ್ಬೇಕು, ಅವ್ರು ಏರಿಯಿಂದ ಬರೋದ್ರೊಳ್ಗೆ. ತಡ ಆಯ್ತು ಅಂತ ಅವ್ರು ಬೈಬೇಕು" ಎಂದು ನಗುತ್ತಾಳೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಪತ್ರಿಕೆಯಲ್ಲಿ ತನ್ನ ವಿಚಾರ ಬರೆಯುತ್ತಾರೆಂದು ಅವಳಿಗೆ ನಂಬಿಕೆಯಿಲ್ಲ. ಬರೆಯುವುದಾದರೆ ಅವಳದು ಒಂದೇ ಕೋರಿಕೆ. ಎಲೆಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಹೇಳುತ್ತಾಳೆ.

"ನನ್ನ ಇಚಾರ ಎಂಗಾರ ಬರ್ಕಳಿ. ಅವ್ರ ಇಚಾರ ಬರೀವಾಗ ಮಾತ್ರ 'ಇದ್ರು' ಅಂತ ಬರೀಬ್ಯಾಡಿ ಕಣ್ರೀ. 'ಇನ್ನೂ ಅವ್ರೆ' ಅಂತ ಬರೀರಿ."