ಮಾಸ್ತರರು ಸಹಿ ಹಾಕದ ಪ್ರಾರ್ಥನೆ

ಸಿಟ್ಟು ಬಂದರೆ ಮಾಸ್ತರರು ಮೊದಲು ಬಾಯಿಂದ ಹಲ್ಲಿನ ಸೆಟ್ಟು ತೆಗೆಯುತ್ತಿದ್ದರು. ಮೇಲಿನದು, ಕೆಳಗಿನದು ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಗೆ ಇಳಿಸಿ ಆಮೇಲೆ ಶುರು. ಜೋರಾಗಿ ಮಾತಾಡುವಾಗ ಸೆಟ್ಟು ಜಾರಿ ಮಾತು ಕೆಡುತ್ತದೆ ಎನ್ನುವುದು ಅವರ ವಾದ. ತೆಗೆದರೆ ಇನ್ನೂ ಕೆಡುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಧಾರವಾಡದಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಟೊರಾಂಟೊದ ಹೊರಗಿನ ನಮ್ಮ ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಹುಬ್ಬಳ್ಳಿಯವಳು ಎಂದು ಗೊತ್ತಾದ ದಿನವೇ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಬಂದು, ಕುರ್ಚಿ ಎಳೆದುಕೊಂಡು ಕೂತರು. ನಾಲ್ಕು ತಲೆಮಾರಿನ ಕ್ರೈಸ್ತರು. ಬೆಳಿಗ್ಗೆ ಸಂಜೆ ಪ್ರಾರ್ಥನೆ ತಪ್ಪಿಸಿದವರಲ್ಲ, ಆದರೆ ಕೋಣೆಯ ಬಾಗಿಲು ಹಾಕಿಕೊಂಡೇ ಮಾಡುತ್ತಿದ್ದರು. ಮಗಳು ಸಹ ಆ ಹೊತ್ತಿನಲ್ಲಿ ಬಾಗಿಲು ಬಡಿಯುವಂತಿರಲಿಲ್ಲ.

ಸಿಟಿಜನ್‌ಶಿಪ್ ಪರೀಕ್ಷೆಗೆ ನನ್ನನ್ನು ಓದಿಸಿದವರು ಅವರೇ. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಮುಗಿಸಿ ಸೊಂಟ ಹಿಡಿದುಕೊಂಡು ಬಂದರೂ ಬಿಡುತ್ತಿರಲಿಲ್ಲ. ನಾನು ಏನಾದರೂ ಅಂದಾಜಿನ ಮೇಲೆ ಹೇಳಿದರೆ ಒಂದೇ ಪ್ರಶ್ನೆ: “ಯಾವ ಪುಟದಾಗ ಐತವಾ?” ಪುಟ ತೋರಿಸಲಾಗದಿದ್ದರೆ ಆ ಮಾತು ಅವರ ಲೆಕ್ಕಕ್ಕಿಲ್ಲ. 2015ರ ಬೇಸಿಗೆಯಲ್ಲಿ ಪಾಸಾದೆ. ಪ್ರಮಾಣ ವಚನದ ದಿನ ನನ್ನ ಗಂಡನಿಗಿಂತ ಹೆಚ್ಚು ಸಂಭ್ರಮಪಟ್ಟವರು ಮಾಸ್ತರರು.

ಆ ವರ್ಷವೇ ನಗರಸಭೆಗಳು ಪ್ರಾರ್ಥನೆ ಹೇಳಿ ಸಭೆ ಶುರು ಮಾಡುವಂತಿಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ನಮ್ಮ ಊರಿನ ಕೌನ್ಸಿಲ್ಲೂ ಯೇಸುವಿನ ಪ್ರಾರ್ಥನೆ ಹೇಳುವುದನ್ನು ನಿಲ್ಲಿಸಿತು. ಮರಳಿ ತನ್ನಿ ಎಂದು ಕೆಲವರು ಅರ್ಜಿ ಹೊರಡಿಸಿದರು. ನಮ್ಮ ಸೂಪರ್‌ವೈಸರ್ ಅದನ್ನು ವೇರ್‌ಹೌಸಿನ ಊಟದ ಕೋಣೆಗೆ ತಂದ. ‘ಈ ದೇಶದ ಸರಕಾರವನ್ನು ಕ್ರೈಸ್ತಧರ್ಮದ ಮೇಲೆ ಕಟ್ಟಲಾಗಿದೆ, ಬಂದವರು ಅದನ್ನು ಗೌರವಿಸಬೇಕು’ ಎಂಬುದು ಅದರ ತಾತ್ಪರ್ಯ. ನಾನು ರೊಟ್ಟಿ ತಿನ್ನುತ್ತಿದ್ದ ಕೈ ಒರೆಸಿಕೊಂಡು ಸಹಿ ಹಾಕಿದೆ! ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೇಲೆ ನನಗೆ ಮೈ ಉರಿಯುತ್ತದೆ. ಅವರ ದೇಶ, ಅವರ ರೂಢಿ, ನಾವು ಹೊಂದಿಕೊಂಡು ಹೋಗಬೇಕು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಸಾಲದ್ದಕ್ಕೆ, ಮಾಸ್ತರರು ಕ್ರೈಸ್ತರು, ಖುಷಿಪಡುತ್ತಾರೆ ಎಂದು ಅವರ ಸಹಿಗೆ ಒಂದು ಖಾಲಿ ಹಾಳೆಯನ್ನೂ ಅರ್ಜಿಯ ಪ್ರತಿಯನ್ನೂ ಕೇಳಿ ಪಡೆದು ಮನೆಗೆ ಒಯ್ದೆ.

ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಹಲ್ಲು ಕಿಸೆಗೆ ಹೋಯಿತು.

“ಯಾವ ಪುಟದಾಗ ಐತಿ ಇದು?”

“ಸಂವಿಧಾನದಾಗ ದೇವರ ಹೆಸರು ಐತಂತ್ರೀ ಮಾಸ್ತರ,” ಎಂದೆ. ಸೂಪರ್‌ವೈಸರ್ ಹಾಗೆ ಹೇಳಿದ್ದ.

“ದೇವರು ಅಂತ ಐತಿ. ಯೇಸು ಅಂತ ಐತೇನು? ಯಾರ ದೇವರು ಅಂತ ಬರದಾರೇನು?” ಹಾಳೆಯನ್ನು ಟೇಬಲ್ಲಿಗೆ ಬಡಿದರು. “ಇವರು ಬರೂಕಿಂತ ಮೊದ್ಲ ಇಲ್ಲೆ ಮೂಲನಿವಾಸಿ ಮಂದಿ ಇರ್ಲಿಲ್ಲೇನು? ಆ ಮಂದಿ ಮಕ್ಕಳ್ನ ಮನೀಯಿಂದ ಎಳಕೊಂಡು ಹೋಗಿ, ಸಾಲ್ಯಾಗ ಕೂಡಿ ಹಾಕಿ, ಇದ ಪ್ರಾರ್ಥನಿ ಬಾಯಿಪಾಠ ಮಾಡಿಸಿದ್ರು. ಸರಕಾರ ರೊಕ್ಕ ಕೊಟ್ತು, ಚರ್ಚು ಸಾಲಿ ನಡಿಸ್ತು. ಕ್ರೈಸ್ತಧರ್ಮದ ಮ್ಯಾಲೆ ಕಟ್ಟೇವಿ ಅನ್ನಾವ್ರು ಅದಕ್ಕೂ ಸಹಿ ಹಾಕ್ತಾರೇನು ಕೇಳು!”

ನಾನು ಸುಮ್ಮನಿರಬೇಕಿತ್ತು. “ಆದ್ರೂ ನಾವು ಬಂದವರು ಅಲ್ರೀ. ಅವರ ಮನ್ಯಾಗ ಅವರಂಗ ಇರಬೇಕಲ್ಲ,” ಎಂದುಬಿಟ್ಟೆ.

ಮಾಸ್ತರರು ಕೂಗಲಿಲ್ಲ. ದನಿ ಇಳಿಯಿತು. “ನಮ್ಮ ಸ್ಟಾಫ್ ರೂಮಿನಾಗ ಇದ ಮಾತು ನನಗ ಮೂವತ್ತು ವರ್ಷ ಅಂದಾರವಾ. ‘ಸರ್, ಇದು ನಮ್ಮ ದೇಶ, ನೀವು ಹೊಂದ್ಕೊಂಡು ಹೋಗ್ರಿ.’ ನಮ್ಮಜ್ಜ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗ್ಯಾನ. ಹುಬ್ಬಳ್ಳ್ಯಾಗ ಇದ್ದಾಗ ನೀ ನನ್ನಂಥಾವ್ರಿಗೆ ಏನಂತಿದ್ದಿ? ಖರೇ ಹೇಳು.”

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಆ ಮಾತು ಉಪ್ಪಿನಕಾಯಿಯಷ್ಟೇ ಸಲೀಸಾಗಿ ಬರುತ್ತಿತ್ತು. ನಾನೂ ಅಂದಿದ್ದೇನೆ, ನಕ್ಕು ಅಂದಿದ್ದೇನೆ.

“ಅಲ್ಲೆ ನನ್ನನ್ನ ಹೊರಗಿನಂವಾ ಮಾಡಿದ್ರು. ಇಲ್ಲೆ ನಿನ್ನನ್ನ ಹೊರಗಿನಕಿ ಮಾಡಾಕ ನನ್ನ ಸಹಿ ಕೇಳ್ತಾರ. ಅದನ್ನ ನೀನ ಹೊತ್ಕೊಂಡು ಬಂದೀಯಲ್ಲ! ಹೋಗು, ನಿನ್ನ ಹೆಸರು ತಗಸು.”

ನನಗೂ ಸಿಟ್ಟು ಬಂತು. ಎರಡು ವಾರ ಆ ಕಡೆ ಹೋಗಲಿಲ್ಲ. ಹೆಸರನ್ನೂ ತೆಗೆಸಲಿಲ್ಲ. ಸೂಪರ್‌ವೈಸರ್ ಶಿಫ್ಟು ಬದಲಿಸಿದರೆ ಮಕ್ಕಳನ್ನು ಸ್ಕೂಲಿನಿಂದ ಕರೆತರುವವರು ಯಾರು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಅರ್ಜಿ ಕೌನ್ಸಿಲ್ಲಿಗೆ ಬಂದ ಸಂಜೆ ಮಾಸ್ತರರೇ ನಮ್ಮ ಬಾಗಿಲು ಬಡಿದರು. ಕೋಟು, ಟೈ, ಕೈಯಲ್ಲಿ ಬರೆದ ಹಾಳೆ. “ಮಗಳು ಡ್ಯೂಟಿ ಮ್ಯಾಲೆ ಅದಾಳ. ಕಾರ್ ತಗಿ,” ಎಂದರಷ್ಟೇ. ಸಭೆಯಲ್ಲಿ ಅವರ ಚರ್ಚಿನ ಹಿರಿಯರೊಬ್ಬರು ಇವರನ್ನು ನೋಡಿ ಅರಳಿ, ಎದ್ದು ಕೈ ಕುಲುಕಿ, ಪಕ್ಕದಲ್ಲಿ ಕೂರಿಸಿಕೊಂಡರು. ತಮ್ಮ ಪರವಾಗಿ ಕಂದು ಬಣ್ಣದವರೊಬ್ಬರು ಬಂದರು ಎಂದುಕೊಂಡಿರಬೇಕು. ಮಾಸ್ತರರು ಮೈಕಿನ ಮುಂದೆ ನಿಂತು, ಧಾರವಾಡದ ಕ್ಲಾಸ್‌ರೂಮಿನ ಇಂಗ್ಲಿಷಿನಲ್ಲಿ, ತಾನು ದಿನಕ್ಕೆರಡು ಸಲ ಈ ಪ್ರಾರ್ಥನೆ ಮಾಡುತ್ತೇನೆ, ಅದಕ್ಕೆ ಕೌನ್ಸಿಲ್ಲಿನ ಅಪ್ಪಣೆ ಬೇಕಿಲ್ಲ, ಸರಕಾರದ ಮೇಜಿನ ಮೇಲೆ ಅದನ್ನಿಟ್ಟು ನೆರೆಯವಳನ್ನು ಅತಿಥಿ ಮಾಡುವುದು ಬೇಡ ಎಂದರು. ಹಲ್ಲು ತೆಗೆಯಲಿಲ್ಲ. ಮೂರೇ ನಿಮಿಷ. ಹಿಂದಿರುಗಿದಾಗ ಆ ಹಿರಿಯರು ಪಕ್ಕದ ಕುರ್ಚಿಯ ಮೇಲೆ ತಮ್ಮ ಜಾಕೆಟ್ಟು ಇಟ್ಟಿದ್ದರು.

ಇನ್ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಮೇಯರ್ ಕೇಳಿದರು. ಮಾಸ್ತರರು ನನ್ನತ್ತ ನೋಡಿದರು. ಎರಡು ಸಾಲು ಮುಂದೆ ಸೂಪರ್‌ವೈಸರಿನ ಬೆನ್ನು ಕಾಣುತ್ತಿತ್ತು. ನಾನು ಏಳಲಿಲ್ಲ.

ಕೌನ್ಸಿಲ್ಲು ಪ್ರಾರ್ಥನೆಯನ್ನು ಮರಳಿ ತರಲಿಲ್ಲ. ಮಾಸ್ತರರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಚರ್ಚಿಗೆ ಹೋಗುವುದನ್ನು ಅವರು ಬಿಡಲಿಲ್ಲ. ಪಕ್ಕದಲ್ಲಿ ಕೂರುವವರು ಮಾತ್ರ ಕಡಿಮೆಯಾದರು ಎಂದು ಮಗಳು ಹೇಳುತ್ತಿದ್ದಳು. ಮೂರು ವರ್ಷ ಹಾಗೆಯೇ ನಡೆಯಿತು.

2019ರ ಜನವರಿಯ ಚಳಿಯಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಅದೇ ಚರ್ಚಿನಲ್ಲಿ ಅಂತಿಮ ಪ್ರಾರ್ಥನೆ. ಅದೇ ಹಿರಿಯರು ಎದ್ದು ನಿಂತು, ದನಿ ಮೃದು ಮಾಡಿಕೊಂಡು, ಈ ಸಹೋದರ ದೂರದ ದೇಶದಲ್ಲಿ ಕಷ್ಟಪಟ್ಟು, ಕೊನೆಗೆ ಕ್ರೈಸ್ತಧರ್ಮದ ಮೇಲೆ ಕಟ್ಟಿದ ದೇಶಕ್ಕೆ ಬಂದು ನೆಮ್ಮದಿ ಕಂಡರು ಎಂದರು. ಸತ್ತ ಮನುಷ್ಯನ ಕೈಯಲ್ಲಿ ಆ ಅರ್ಜಿಗೆ ಸಹಿ ಹಾಕಿಸುತ್ತಿದ್ದರು! ಎದ್ದು ನಿಂತೆ. “ನೋ,” ಎಂದೆ.

ಎಲ್ಲರೂ ತಿರುಗಿದರು. ಒಬ್ಬ ಹೆಂಗಸು ಬಂದು ನನ್ನ ತೋಳು ಮುಟ್ಟಿ, ಇದು ನಿಮ್ಮ ಚರ್ಚಲ್ಲ, ದಯವಿಟ್ಟು ಕೂತುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಸಿಟ್ಟಿನಲ್ಲಿ ನನಗೆ ಇಂಗ್ಲಿಷೇ ಬರಲಿಲ್ಲ. “ಚರ್ಚು ನಿಮ್ದ ಇರ್ಲಿ. ದೇಶ ನಂದೂ ಹೌದು. ಮಾಸ್ತರರು ಅದನ್ನ ಹೇಳಿದ್ರು,” ಎಂದೆ.

ಅಲ್ಲಿ ಕನ್ನಡ ತಿಳಿಯುವವರು ಮಗಳೊಬ್ಬಳೇ. ಮುಂದಿನ ಸಾಲಿನಿಂದ ಅವಳು ಎದ್ದಳು. ಅತ್ತು ಅತ್ತು ಮುಖ ಊದಿತ್ತು.

“ಅಕ್ಕಾರ, ಇವರಿಗೆ ತಿಳಿಯೂ ಹಂಗ ಹೇಳ್ರಿ,” ಎಂದಳು.

ಮೂರು ವರ್ಷ ತಡವಾಗಿ, ಇಂಗ್ಲಿಷಿನಲ್ಲಿ ಹೇಳಿದೆ.