ಕರಡಿಗೆಯೊಳಗಿನ ಹುಣಸೆ ಬೀಜ

ಅಕ್ಕಾ, ನಿನ್ನ ಇಷ್ಟಲಿಂಗವನ್ನು ನಾನು ಕಳೆದುಬಿಟ್ಟೆ. ಒಂಬತ್ತು ವರ್ಷದಿಂದ ದಿನಾ ಮುಂಜಾನೆ ನೀನು ಅಂಗೈಯಲ್ಲಿಟ್ಟು ಪೂಜಿಸುತ್ತಿರುವುದು ನನ್ನದು. ನನ್ನ ಕೊರಳಿನ ಬೆಳ್ಳಿ ಕರಡಿಗೆಯಲ್ಲಿ ಲಿಂಗವೇ ಇಲ್ಲ.

ನೆನಪಿದೆಯಲ್ಲ — ನಿನ್ನ ಗರ್ಭಕೋಶದ ಆಪರೇಷನ್ನು, ಕೊಪ್ಪಳದ ಇದೇ ಆಸ್ಪತ್ರೆ. ಕೊರಳಲ್ಲಿದ್ದುದನ್ನೆಲ್ಲ ತೆಗೆಯಿರಿ ಎಂದಳು ನರ್ಸು. ದೀಕ್ಷೆಯಾದಂದಿನಿಂದ ಮೈಬಿಟ್ಟು ಕದಲದ ಲಿಂಗ. ನೀನು ಒಪ್ಪಲೇ ಇಲ್ಲ. ಕೊನೆಗೆ ನೀನೇ ಕರಡಿಗೆ ಬಿಚ್ಚಿ, ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದೆ.

"ನೀ ನನಗ ನೆಗೆಣ್ಣಿ ಅಲ್ಲ, ಒಡಹುಟ್ಟಿದಾಕಿ. ನಾ ಹೊರಗ ಬರೂತನಕ ಕೈ ಬಿಚ್ಚಬ್ಯಾಡ. ಇದು ಹೋದ್ರ ನಾ ಉಳಿಯಾಂಗಿಲ್ಲ ನೋಡು."

ಹೊರಗೆ ಬೇವಿನ ಕೆಳಗೆ ಕುಳಿತೆ. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಮುಖದ ಮೇಲೆ ನೆರಳು ಆಡುತ್ತಿತ್ತು… ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿನ ಹೊಲ, ಬಿಳಿಜೋಳದ ನಡುವೆ ನಾವಿಬ್ಬರೂ — ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದ ಎಳೆಯ ಸೊಸೆಯರು. ನೀನು ಕೈ ಚಾಚಿದೆ, ಹಿಡಿಯಲೆಂದು ನಾನು ಮುಷ್ಟಿ ಬಿಚ್ಚಿದೆ. ಕನಸಿನಲ್ಲಷ್ಟೇ ಬಿಚ್ಚಿದೆ ಎಂದುಕೊಂಡಿದ್ದೆ. ಎಚ್ಚರವಾದಾಗ ಅಂಗೈ ಬರಿದು. ಕಾಲ ಬಳಿ ಗಟಾರದ ಜಾಲರಿ. ಅಯ್ಯ ಶಿವನೇ! ಬೆರಳು ತರಚುವಷ್ಟು ತಡಕಿದೆ. ಸಿಗಲಿಲ್ಲ.

ನನ್ನದನ್ನು ತೆಗೆದು ನಿನ್ನ ಕರಡಿಗೆಗೆ ಹಾಕಿದೆ. ತ್ಯಾಗವಲ್ಲ, ಅಕ್ಕಾ — ಅಂಜಿಕೆ. ನಿನಗೇನಾದರೂ ಆದೀತೆಂಬ ಅಂಜಿಕೆ ಸ್ವಲ್ಪ, ಮುಖ ಹೇಗೆ ತೋರಿಸಲಿ ಎಂಬುದೇ ಹೆಚ್ಚು. ನೀನು ಕಣ್ಣು ತೆರೆದು ಅದನ್ನು ಕೈಗೆ ತಗೊಂಡು, "ಯಾಕೋ ಭಾರ ಅನಸ್ತೈತಲ್ಲ?" ಎಂದೆ.

"ಮೈಯಾಗ ನೆತ್ತರಿಲ್ಲ, ಅದಕ್ಕ ಹಂಗ ಅನಸ್ತೈತಿ," ಎಂದು ನಕ್ಕುಬಿಟ್ಟೆ.

ಹೊಸದಕ್ಕೆ ಮಠಕ್ಕೆ ಹೋದರೆ ಹಳೆಯದೆಲ್ಲಿ ಎಂದು ಕೇಳುತ್ತಾರೆ. ಖಾಲಿ ಕರಡಿಗೆಗೆ ಒಂದು ಹುಣಸೆ ಬೀಜ ಹಾಕಿಕೊಂಡೆ — ಕಪ್ಪಗೆ, ನುಣ್ಣಗೆ, ದೂರದಿಂದ ಯಾರಿಗೂ ತಿಳಿಯದಂತೆ. ನಿನ್ನ ಪಕ್ಕದಲ್ಲೇ ಕುಳಿತು ಅದಕ್ಕೆ ವಿಭೂತಿ ಹಚ್ಚಿದೆ. ಮೊದಮೊದಲು ಬರೀ ನಾಟಕ. ಆಮೇಲೆ… ಹೇಗೆ ಹೇಳಲಿ? ನೋಡುತ್ತಾ ನೋಡುತ್ತಾ ಅಂಗೈ ಮರೆಯಾಗಿ, ದೊಡ್ಡ ಮರವೊಂದು ಸದ್ದಿಲ್ಲದೆ ತೂಗುತ್ತಿತ್ತು, ಅದರ ನೆರಳಲ್ಲಿ ನಾನಿರುತ್ತಿದ್ದೆ. ಅದು ದೇವರೋ, ಕಳ್ಳ ಮನಸ್ಸು ತಾನೇ ಮಾಡಿಕೊಂಡ ಸಮಾಧಾನವೋ — ಈ ವಯಸ್ಸಿಗೂ ತಿಳಿಯಲಿಲ್ಲ.

ಈಗ ನನ್ನ ಸರದಿ. ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಮುಖ ಕೊಟ್ಟು ಮಾತಾಡುವುದಿಲ್ಲ. ಮಧ್ಯಾಹ್ನ ಒಳಗೆ ಒಯ್ಯುತ್ತಾರೆ. ಮುಂಜಾನೆಯಿಂದ ನೀನು ಮಂಚದ ಕಾಲಬದಿಗೆ ಕುಳಿತು ಒಂದೇ ಮಾತು ಹೇಳುತ್ತಿದ್ದೀ: "ನಿನ್ನ ಲಿಂಗ ನನ್ನ ಕೈಯಾಗ ಕೊಡು. ಅವತ್ತ ನೀ ಕುಂತಿದ್ದಿಯಲ್ಲ, ಹಂಗ ನಾನೂ ಕುಂದರ್ತೀನಿ. ಕಣ್ಣ ಮುಚ್ಚಾಂಗಿಲ್ಲ."

ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದೆ, ನಿನಗೊಂದು ಅಕ್ಷರ ಕಲಿಸಲಿಲ್ಲ. ನಿನಗೆ ಓದಲು ಬಾರದೆಂಬ ಧೈರ್ಯದಿಂದಲೇ ಇದನ್ನೆಲ್ಲ ಬರೆದೆ — ಹೇಡಿ ನಾನು.

"ಅದೇನ ಅಷ್ಟ ಬರಿಯಾಕತ್ತಿ? ನನಗೂ ಒಂಚೂರು ಓದಿ ಹೇಳು," ಎನ್ನುತ್ತಿದ್ದೀ.

ಕರಡಿಗೆ ಬಿಚ್ಚಿ ಬೀಜವನ್ನು ನಿನ್ನ ಅಂಗೈಯಲ್ಲಿಡುತ್ತೇನೆ. ಮೊದಲ ಸಾಲಿನಿಂದಲೇ ಓದುತ್ತೇನೆ, ಅಕ್ಕಾ. ಕೈ ಮುಚ್ಚಬೇಡ.